ಬಂಡೆಯ ಅಂಚಿನ ಬಿಳಿ ಗೆರೆ: ಶಾರ್ಪನಿಂಗ್ ಎಲ್ಲಿ ಮಾಡಬೇಕು?

ಚಿತ್ರದುರ್ಗದ ಕೋಟೆಯನ್ನು ಬೆಳಗಿನ ಹೊತ್ತು ಚಿತ್ರೀಕರಿಸಿ ತಂದು ದಾವಣಗೆರೆಯ ನಮ್ಮ ಮನೆಯ ದೊಡ್ಡ ಪರದೆಯಲ್ಲಿ ನೋಡಿದೆ. ಬಂಡೆ ಆಕಾಶಕ್ಕೆ ತಾಗುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಎಳೆದಂತೆ ಬಿಳಿ ಗೆರೆ. ಎಳೆಬಿಸಿಲಿನ ಅಂಚೆಂದುಕೊಂಡೆ. ಅಲ್ಲ, ಕ್ಯಾಮೆರಾದ ಶಾರ್ಪ್‌ನೆಸ್ಸನ್ನು ನಾನೇ ಏರಿಸಿಟ್ಟಿದ್ದೆ.

ಶಾರ್ಪನಿಂಗ್ ಎಂದರೆ ಚಿತ್ರವನ್ನು ಹರಿತಗೊಳಿಸುವುದು. ಕ್ಯಾಮೆರಾದಲ್ಲೂ ಮಾಡಬಹುದು, ಆಮೇಲೆ ಎಡಿಟಿಂಗ್‌ನಲ್ಲೂ ಮಾಡಬಹುದು. ಅದು ಹೊಸ ವಿವರವನ್ನೇನೂ ತರುವುದಿಲ್ಲ. ಅಂಚಿನ ಎರಡೂ ಬದಿಯ ಬೆಳಕಿನ ಅಂತರವನ್ನು ಹಿಗ್ಗಿಸುತ್ತದೆ, ಅಷ್ಟೇ. ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ ಬಂಡೆಯ ಬೆಳಕು 60, ಆಕಾಶದ್ದು 180 ಎಂದಿಟ್ಟುಕೊಳ್ಳಿ. ಅಂಚಿಗಂಟಿದ ಬಂಡೆಯ ಪಿಕ್ಸೆಲ್ 45ಕ್ಕೆ ಇಳಿಯಬಹುದು, ಆಕಾಶದ ಪಿಕ್ಸೆಲ್ 200ಕ್ಕೆ ಏರಬಹುದು. ನನ್ನ ಬಿಳಿ ಗೆರೆ ಆ 200. ಫೋಕಸ್ ತಪ್ಪಿದ ಶಾಟ್ ಇದರಿಂದ ಉದ್ಧಾರವಾಗದು.

ಕ್ಯಾಮೆರಾದಲ್ಲಿ ಈ ಕೆಲಸ ಫೈಲನ್ನು ಕುಗ್ಗಿಸುವ ಮೊದಲೇ ಮುಗಿದಿರುತ್ತದೆ. ಹಿಟ್ಟಿಗೆ ಕಲಸಿದ ಉಪ್ಪಿನಂತೆ, ಆಮೇಲೆ ತೆಗೆಯಲಾಗದು. ಓಬವ್ವನ ಕಿಂಡಿಯ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿದರೆ ನಾಯ್ಸ್, ಅಂದರೆ ಚಿತ್ರದ ಮೇಲಿನ ಚುಕ್ಕೆಗಳು, ಕೂಡ ಹರಿತವಾಗಿ, ಬಿಟ್‌ರೇಟನ್ನು (ಪ್ರತಿ ಸೆಕೆಂಡಿನ ವೀಡಿಯೊಗೆ ಸಿಗುವ ಡೇಟಾವನ್ನು) ತಿಂದುಹಾಕುತ್ತದೆ. ಮದುವೆಯಲ್ಲಿ ಮೊಳಕಾಲ್ಮೂರು ಸೀರೆಯ ಸಣ್ಣ ನೇಯ್ಗೆ ಪರದೆಯಲ್ಲಿ ಅಲೆಅಲೆಯಾಗಿ ಕುಣಿಯುತ್ತಿದ್ದರಂತೂ ಆ ಕುಣಿತ ಇನ್ನಷ್ಟು ಎದ್ದು ಕಾಣುತ್ತದೆ.

ಹಾಗೆಂದು ಶಾರ್ಪ್‌ನೆಸ್ಸನ್ನು ತಳಕ್ಕಿಳಿಸಿ ಎನ್ನುವವರನ್ನು ಕಣ್ಣುಮುಚ್ಚಿ ನಂಬಬೇಡಿ. ಬಿಟ್‌ರೇಟ್ ಕಡಿಮೆಯಿರುವ ಕ್ಯಾಮೆರಾದ ಕೊಡೆಕ್ (ವೀಡಿಯೊವನ್ನು ಕುಗ್ಗಿಸುವ ವ್ಯವಸ್ಥೆ), ಮಸುಕಾದ ಸಣ್ಣ ವಿವರಗಳನ್ನು ಬೇಡದ್ದೆಂದು ಒರೆಸಿಬಿಡುತ್ತದೆ. ಬಂಡೆಯ ಮೇಲಿನ ಉಳಿಯ ಗುರುತು ಹೋದರೆ ಹೋಯಿತು. ಎಡಿಟಿಂಗ್‌ನಲ್ಲಿ ಎಷ್ಟು ಹರಿತಗೊಳಿಸಿದರೂ ಮೇಲೆದ್ದು ಬರುವುದು ಕೊಡೆಕ್‌ನ ಚೌಕುಳಿಗಳೇ. ಸೋನಿ ಕ್ಯಾಮೆರಾದ ಪಿಕ್ಚರ್ ಪ್ರೊಫೈಲ್ ಮೆನುವಿನಲ್ಲಿ ಶಾರ್ಪನಿಂಗ್‌ನ ಮಟ್ಟ ಹೇಳುವ ಡೀಟೇಲ್ −7ರಿಂದ +7ರವರೆಗೆ ಇದೆ. ನಾನು −3ರ ಆಸುಪಾಸಿನಲ್ಲಿ ನಿಲ್ಲುತ್ತೇನೆ.

ಎಡಿಟಿಂಗ್‌ನ ನಿಜವಾದ ಲಾಭ ಆಯ್ಕೆ. ಮಾಸ್ಕ್ ಹಾಕಿ, ಅಂದರೆ ಬೇಕಾದ ಭಾಗವನ್ನಷ್ಟೇ ಆರಿಸಿ, ಸೀರೆಯ ಅಂಚನ್ನೂ ಕಣ್ಣನ್ನೂ ಹರಿತಗೊಳಿಸಿ, ಅಜ್ಜಿಯ ಕೆನ್ನೆಯನ್ನು ಅದರ ಪಾಡಿಗೆ ಬಿಡಬಹುದು. ಮೊದಲು ನಾಯ್ಸ್ ತಗ್ಗಿಸಿ, ಬಣ್ಣ ತಿದ್ದಿ, 4ಕೆ ಇದ್ದುದನ್ನು 1080ಕ್ಕೆ ಇಳಿಸಿ, ಕೊನೆಗೆ ಶಾರ್ಪನಿಂಗ್. ನೋಡುವುದು ನೂರು ಶೇಕಡ ಗಾತ್ರದಲ್ಲಿಯೇ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಇದಕ್ಕಿರುವ ರೇಡಿಯಸ್ 0.50 ಇದ್ದರೆ ಏನೂ ಆಗುವುದಿಲ್ಲ. ಇಳಿಸಿದರೆ ಹರಿತ, ಏರಿಸಿದರೆ ಮಸುಕು. ಇದು ತಿಳಿಯದೆ ಒಂದು ಸಂಜೆಯೆಲ್ಲ ಏರಿಸುತ್ತ ಕೂತಿದ್ದೆ.

ಕೋಟೆಯ ಶಾಟ್‌ಗಳ ಅಂಚನ್ನು ಮಾಸ್ಕ್ ಹಾಕಿ ಮಸುಕುಗೊಳಿಸಿ ನೋಡಿದೆ. ಗೆರೆ ಮಾಸಿತು, ಜೊತೆಗೆ ಬಂಡೆಯೂ ಮಾಸಿತು. ಮುಂದಿನ ಭಾನುವಾರ ಮತ್ತೆ ದುರ್ಗದ ಬಸ್ ಹತ್ತಿದೆ.