ಆಕ್ಟ್-4 ಜಾಸ್ತಿ ಇದ್ದರೆ ಒಳ್ಳೇದಾ?

ಬೆಳಗಾವಿಯಲ್ಲಿ ಐವಿಎಫ್ ಲ್ಯಾಬ್ ನೋಡಿಕೊಳ್ಳುವ ನನಗೆ ಈಗೀಗ ಭ್ರೂಣಕ್ಕಿಂತ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಕೋಶ) ಬಗ್ಗೆಯೇ ಜಾಸ್ತಿ ಪ್ರಶ್ನೆ ಬರುತ್ತವೆ. ಗೋಕಾಕದ ಒಬ್ಬ ಬಿ.ಎಸ್ಸಿ ಹುಡುಗ ಯೂಟ್ಯೂಬ್ ನೋಡಿ ಬಂದು ಕೇಳಿದ: "ಮೇಡಂ, ಆಕ್ಟ್-4 ಇನ್ನಷ್ಟು ಜಾಸ್ತಿ ಮಾಡಿದ್ರ ಸೆಲ್ ಮತ್ತಷ್ಟು ಪವರ್‌ಫುಲ್ ಆಗ್ತಾವೇನ್ರಿ?"

ಆಗಲ್ಲ. ಕೆಡುತ್ತವೆ.

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ, ಸುಮಾರು 20,000 ಜೀನ್‌ಗಳು. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದನ್ನು ಡಿಎನ್‌ಎ ಮೇಲೆ ಕೂತು ನಡೆಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳು. ಆಕ್ಟ್-4 ಅಂಥದ್ದೊಂದು, ಸ್ಟೆಮ್ ಸೆಲ್ ಅನ್ನು ಸ್ಟೆಮ್ ಸೆಲ್ ಆಗಿಯೇ ಉಳಿಸುವಂಥದ್ದು.

ಐದನೇ ದಿನ ಭ್ರೂಣವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಭಾಗ ಚೆನ್ನಾಗಿ ಕಾಣುತ್ತವೆ. ಹೊರಗೆ ತೆಳು ಪದರ, ಅದು ಮುಂದೆ ಮಾಸು (ಪ್ಲಾಸೆಂಟಾ) ಆಗುತ್ತದೆ. ಒಳಗೆ ಒಂದು ಮಗ್ಗುಲಿಗೆ ಅಂಟಿಕೊಂಡ ಕೋಶಗಳ ಗುಂಪು, ಮಗು ಆಗುವುದು ಅದರಿಂದ. ಭ್ರೂಣದ ಸ್ಟೆಮ್ ಸೆಲ್ ತೆಗೆಯುವುದೂ ಆ ಗುಂಪಿನಿಂದಲೇ. ಇಲಿಯಲ್ಲಿ 1981ರಲ್ಲಿ, ಮನುಷ್ಯರಲ್ಲಿ 1998ರಲ್ಲಿ ಅದು ಸಾಧ್ಯವಾಯಿತು. ಅದೇ 1998ರಲ್ಲಿ ಆಕ್ಟ್-4 ಜೀನೇ ಇಲ್ಲದ ಇಲಿ ಭ್ರೂಣಗಳನ್ನು ನೋಡಿದಾಗ, ಒಳಗಿನ ಕೋಶಗಳೂ ಹೊರಗಿನವುಗಳ ದಾರಿ ಹಿಡಿದಿದ್ದವು, ಅಂದರೆ ಮಾಸಿನ ಕಡೆಗೆ.

ನನಗೆ ಬಹಳ ಇಷ್ಟವಾದ ಪ್ರಯೋಗ 2000ದ್ದು. ಹಿತೋಷಿ ನಿವಾ, ಆಸ್ಟಿನ್ ಸ್ಮಿತ್ ಮತ್ತು ಜೊತೆಗಾರರು ಇಲಿಯ ಸ್ಟೆಮ್ ಸೆಲ್‌ಗಳಲ್ಲಿ ಆಕ್ಟ್-4 ಪ್ರಮಾಣವನ್ನೇ ಏರಿಸಿ ಇಳಿಸಿ ನೋಡಿದರು. ಅರ್ಧಕ್ಕಿಂತ ಕೆಳಗಿಳಿದರೆ ಕೋಶಗಳು ಮಾಸಿನ ಜಾತಿಗೆ ಹೋದವು. ಎರಡು ಪಟ್ಟು ಕೂಡ ಆಗಿರಲಿಲ್ಲ, ಅಷ್ಟು ಏರಿಸಿದ್ದಕ್ಕೇ ಬೇರೆ ದಾರಿ ಹಿಡಿದು ಎಂಡೋಡರ್ಮ್, ಮೀಸೋಡರ್ಮ್ ಅನ್ನುವ ಭ್ರೂಣದ ಬೇರೆ ಪದರಗಳ ಕೋಶಗಳಾದವು. ಜೋಳದ ಹಿಟ್ಟಿಗೆ ನೀರು ಕಡಿಮೆಯಾದರೆ ರೊಟ್ಟಿ ಬಿರಿಯುತ್ತದೆ, ಜಾಸ್ತಿಯಾದರೆ ಕೈಗೆ ಅಂಟುತ್ತದೆ, ಎರಡೂ ಕಡೆ ಕೆಡೋದೇ ಆದರೂ ಕೆಡುವ ರೀತಿ ಬೇರೆ, ಅಲ್ವಾ? ಇದೂ ಹಾಗೇ.

ಆಕ್ಟ್-4 ಒಂಟಿಯಾಗಿ ಕೆಲಸ ಮಾಡಲ್ಲ. ಸಾಕ್ಸ್-2 ಅನ್ನುವ ಇನ್ನೊಂದು ಫ್ಯಾಕ್ಟರ್ ಎಷ್ಟೋ ಕಡೆ ಅದರ ಪಕ್ಕದಲ್ಲೇ ಕೂರುತ್ತದೆ, ನ್ಯಾನೋಗ್ ಅನ್ನುವ ಮತ್ತೊಂದು ಕೂಡ ಸೇರುತ್ತದೆ. ಮೂರೂ ಒಂದರ ಜೀನ್ ಅನ್ನು ಒಂದು ನಡೆಸುತ್ತ, ನರ, ಸ್ನಾಯು ಆಗಿಸುವ ಜೀನ್‌ಗಳನ್ನು ತಡೆದು ಹಿಡಿಯುತ್ತವೆ. 2006ರಲ್ಲಿ ಜಪಾನಿನ ವಿಜ್ಞಾನಿ ಯಮನಕ ಇಲಿಯ ಚರ್ಮದ ಕೋಶಗಳನ್ನು ಹಿಂದಕ್ಕೆ, ಸ್ಟೆಮ್ ಸೆಲ್‌ನಂಥ ಸ್ಥಿತಿಗೆ ತಿರುಗಿಸಲು ಬಳಸಿದ ನಾಲ್ಕು ಫ್ಯಾಕ್ಟರ್‌ಗಳಲ್ಲೂ ಆಕ್ಟ್-4, ಸಾಕ್ಸ್-2 ಇದ್ದವು. 2012ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರಿಗೆ ಹಾಗೇ ಹೊಂದಿಸುವುದು ನನಗೆ ಸರಿ ಕಾಣಲ್ಲ. 2017ರಲ್ಲಿ ಲಂಡನ್ನಿನ ಕ್ರಿಕ್ ಸಂಶೋಧನಾ ಸಂಸ್ಥೆಯವರು ಮನುಷ್ಯ ಭ್ರೂಣದಲ್ಲಿ ಈ ಜೀನ್ ಕತ್ತರಿಸಿದಾಗ ಬಹಳಷ್ಟು ಭ್ರೂಣಗಳು ಐದನೇ ದಿನದ ಹಂತಕ್ಕೇ ಬರಲಿಲ್ಲ, ಹೊರ ಪದರದ ಜೀನ್‌ಗಳೂ ಏರುಪೇರಾದವು. ಇಲಿಗಿಂತ ಬೇಗ, ಜೋರಾಗಿಯೇ ಏಟು ಬಿತ್ತು.

ಇನ್ನು "ಮೊಣಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಸ್ಲೇನ್ರಿ?" ಅಂತ ಕೇಳುವವರಿಗೆ. ಅಲ್ಲಿ ಹಾಕುವುದು ಸಾಮಾನ್ಯವಾಗಿ ಭ್ರೂಣದ್ದಲ್ಲ, ಮಜ್ಜೆ ಅಥವಾ ಕೊಬ್ಬಿನಿಂದ ತೆಗೆದದ್ದು, ಆಕ್ಟ್-4 ಕಥೆಯೇ ಬೇರೆ. ಭ್ರೂಣದ ಸ್ಟೆಮ್ ಸೆಲ್ ಅನ್ನು ಹಾಗೇ ಚುಚ್ಚಿದರೆ ಟೆರಟೋಮಾ ಅನ್ನುವ ಗಡ್ಡೆ ಬೆಳೆಯಬಹುದು, ಅದಕ್ಕೇ ಲ್ಯಾಬ್‌ಗಳು ಕೋಶವನ್ನು ಮೊದಲು ಬೇಕಾದ ಜಾತಿಗೆ ತಿರುಗಿಸಿ, ಆಕ್ಟ್-4 ಉಳಿದಿದೆಯಾ ಅಂತ ಪರೀಕ್ಷೆ ಮಾಡುತ್ತವೆ. ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಕೊಟ್ಟ ಮಾರ್ಗಸೂಚಿ ಚಿಕಿತ್ಸೆ ಅಂತ ಒಪ್ಪಿದ್ದು ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಕಸಿಯನ್ನು ಮಾತ್ರ. ಯಾರಾದರೂ "ಇದು ಟ್ರಯಲ್" ಅಂತ ಹೇಳಿದರೆ ಮೊದಲು ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ನಂಬರ್ ಕೇಳಿ.