ಸಭೆಯ ರಿಜಿಸ್ಟರಿಗೆ ಜನವರಿಯ ಕೆಲಸ

ಶಿರಸಿ ಕಡೆ ಹಲಸಿನ ಹಪ್ಪಳವನ್ನು ಆಷಾಢದಲ್ಲಿ ಯಾರೂ ಒಣಗಿಸಲು ಹೋಗುವುದಿಲ್ಲ. ಬಿರುಬಿಸಿಲಿರುವಾಗಲೇ ಒಣಗಿಸಿ, ಗರಿಗರಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಮಾಡುತ್ತಾರೆ. ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಹಳೆಯ ರಿಜಿಸ್ಟರುಗಳಿಗೂ ಇದೇ ನ್ಯಾಯ ಸಲ್ಲಬೇಕು. ಆದರೆ ಆಗುತ್ತಿರುವುದು ಉಲ್ಟಾ. ಬೇಸಿಗೆಯಲ್ಲಿ ಯಾರೂ ಕಪಾಟು ತೆರೆಯುವುದಿಲ್ಲ, ಜುಲೈನಲ್ಲಿ ಬೂಷ್ಟಿನ ವಾಸನೆ ಹೊಡೆದಾಗ ಗಡಿಬಿಡಿಯ ಆರೈಕೆ ಶುರುವಾಗುತ್ತದೆ. ಮಳೆಗಿಂತ ಹೆಚ್ಚು ಹಾನಿ ಮಾಡುವುದು ಆ ಆರೈಕೆ.

ದೀಕ್ಷಾಸ್ನಾನ (ಬ್ಯಾಪ್ಟಿಸಮ್), ದೃಢೀಕರಣ (ದೀಕ್ಷಾಸ್ನಾನ ಪಡೆದವರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಖಚಿತಪಡಿಸುವುದು), ಮದುವೆ, ಸಮಾಧಿ ಇವನ್ನೆಲ್ಲ ಬರೆದಿಡುವ ರೂಢಿ ಮಾರ್ಟಿನ್ ಲೂಥರನ ಹಾದಿಯ ಪ್ರಾಟೆಸ್ಟಂಟರ, ಅಂದರೆ ಲೂಥರನ್ ಪರಂಪರೆಯಲ್ಲಿ ಬಹಳ ಹಳೆಯದು. ಜರ್ಮನಿಯ 1533ರ ಬ್ರಾಂಡೆನ್‌ಬುರ್ಗ್–ನ್ಯೂರೆಂಬರ್ಗ್ ಸಭಾ ನಿಯಮಾವಳಿಯೇ ಸಭಾಪಾಲಕರು (ಪಾದ್ರಿಗಳು) ದೀಕ್ಷಾಸ್ನಾನ ಮತ್ತು ಮದುವೆಗಳ ಪುಸ್ತಕ ಇಡಬೇಕೆಂದು ವಿಧಿಸಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಲೂಥರನ್ ಮತ್ತು ರಿಫಾರ್ಮ್ಡ್ (ಕ್ಯಾಲ್ವಿನನ ಹಾದಿಯ) ಎರಡೂ ಪರಂಪರೆಗಳವರು ಕೂಡಿ ಕಟ್ಟಿದ ಸಂಸ್ಥೆ. ಬರೆದಿಡುವ ಶಿಸ್ತು ಅದರೊಂದಿಗೂ ಬಂತು. 1969ರ ಜನನ-ಮರಣ ನೋಂದಣಿ ಕಾಯ್ದೆಗೆ ಮೊದಲು ಹುಟ್ಟಿದ ಎಷ್ಟೋ ಹಿರಿಯರಿಗೆ, ಅವರ ತಂದೆತಾಯಿಯ ಹೆಸರು ಒಟ್ಟಿಗೆ ಇರುವ ಒಂದೇ ಒಂದು ಬರಹ ಈ ರಿಜಿಸ್ಟರಿನ ಸಾಲು. ಅದು ಕಳೆದರೆ ಮತ್ತೆ ಸಿಗುವುದಿಲ್ಲ.

ಮೊದಲು ಶಾಯಿಯನ್ನು ತಿಳಿದುಕೊಳ್ಳಬೇಕು. ಹಳೆಯ ಪುಟಗಳ ಕಂದುಗಪ್ಪು ಶಾಯಿ ಸಾಮಾನ್ಯವಾಗಿ ಮಾಚಿಕಾಯಿಯ ಒಗರು ಮತ್ತು ಕಬ್ಬಿಣದ ಲವಣ ಸೇರಿ ಆದದ್ದು. ನಮ್ಮಲ್ಲಿ ಅಣಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಮಾಡುತ್ತಿದ್ದ ಮಸಿಯದೂ ಇದೇ ರಸಾಯನ. ಈ ಶಾಯಿ ಆಮ್ಲೀಯ, ಜೊತೆಗೆ ಅದರಲ್ಲಿ ಉಳಿದ ಕಬ್ಬಿಣ ಕಾಗದದ ನಾರನ್ನು ನಿಧಾನವಾಗಿ ಸುಡುತ್ತದೆ. ತೇವ ಹೆಚ್ಚಿದಷ್ಟೂ ಸುಡುವಿಕೆ ಬೇಗ. ಹಾಳೆಯ ಹಿಂಬದಿಯನ್ನು ನೋಡಿ. ಅಕ್ಷರದ ನೆರಳು ಕಂದಾಗಿ ಮೂಡಿದ್ದರೆ ಸುಡುವಿಕೆ ಶುರುವಾಗಿದೆ. ಅಕ್ಷರದ ಗೆರೆಯಲ್ಲೇ ಕಾಗದ ಬಿರಿದಿದ್ದರೆ ಆ ಪುಸ್ತಕದ ಪುಟ ತಿರುಗಿಸುವುದನ್ನೇ ನಿಲ್ಲಿಸಿ ತಜ್ಞರಿಗೆ ತೋರಿಸಬೇಕು. ಮುದ್ರೆಯ ನೇರಳೆ ಶಾಯಿಯ ಸ್ವಭಾವವೇ ಬೇರೆ, ಒಂದು ಹನಿ ನೀರು ಬಿದ್ದರೂ ಹರಡಿಬಿಡುತ್ತದೆ.

ಇನ್ನು ಕಪಾಟು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಸಾಲದ್ದಕ್ಕೆ ಉಪ್ಪು ಹೊತ್ತು ಬರುವ ಕಡಲಗಾಳಿ. ಆ ಉಪ್ಪು ಕುಳಿತಲ್ಲೆಲ್ಲ ತೇವ ಎಳೆಯುತ್ತದೆ. ಹೊರಗೋಡೆಗೆ ತಾಗಿ ನಿಂತ ಉಕ್ಕಿನ ಕಪಾಟಿನ ಬೆನ್ನು ಮಳೆಯ ರಾತ್ರಿ ತಣ್ಣಗಾಗುತ್ತದೆ, ಒಳಗಿನ ಗಾಳಿಯ ತೇವ ಅಲ್ಲಿ ಹನಿಗಟ್ಟಿ ಪುಸ್ತಕದ ಬೆನ್ನಿಗೆ ಇಳಿಯುತ್ತದೆ. ಮಾಡು ಸೋರದಿದ್ದರೂ ಪುಸ್ತಕ ಒದ್ದೆಯಾಗುವುದು ಹೀಗೆ. ಕಪಾಟನ್ನು ಒಳಗೋಡೆಯ ಬದಿಗೆ ತನ್ನಿ. ಗೋಡೆಯಿಂದ 15 ಸೆಂಟಿಮೀಟರ್ ಬಿಟ್ಟು, ಮರದ ತುಂಡುಗಳ ಮೇಲೆ ನೆಲದಿಂದ 10 ಸೆಂಟಿಮೀಟರ್ ಎತ್ತರಿಸಿ. ಗೆದ್ದಲಿನ ಮಣ್ಣಿನ ದಾರಿ ಕಾಣಬೇಕಾದರೂ ಈ ಎಡೆ ಬೇಕು. ಕೆಳಗಿನ ಹಲಗೆಯಲ್ಲಿ ಏನನ್ನೂ ಇಡಬೇಡಿ. ನುಸಿಗುಳಿಗೆ ಹುಳುವನ್ನು ಸ್ವಲ್ಪ ದೂರ ಇಡುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಹಾಳೆಗಳ ನಡುವೆ ಬೇವಿನ ಎಲೆ ಇಟ್ಟರೆ ಕಲೆ ಖಂಡಿತ.

ಜನವರಿ ಕೊನೆಯಲ್ಲಿ, ಒಣಹವೆಯ ಒಂದು ದಿನ ಬೆಳಿಗ್ಗೆ 11ರ ಮೇಲೆ ರಿಜಿಸ್ಟರುಗಳನ್ನು ಹೊರತೆಗೆಯಿರಿ. ಬಿಸಿಲಿಗೆ ಅಲ್ಲ, ನೆರಳಿನ ಗಾಳಿಗೆ. ಬಿಸಿಲಿಗೆ ಒಡ್ಡಿದರೆ ಶಾಯಿ ಮಾಸುತ್ತದೆ, ರಟ್ಟು ಡೊಂಕಾಗುತ್ತದೆ. ಮೇಜಿನ ಮೇಲೆ ನಿಲ್ಲಿಸಿ ಬೀಸಣಿಗೆಯಂತೆ ತುಸುವೇ ತೆರೆದಿಡಿ, ಮೂರು ನಾಲ್ಕು ತಾಸು ಸಾಕು. ಒಣಗಿದ ಬೂಷ್ಟಿದ್ದರೆ ಎನ್-95 ಮಾಸ್ಕ್ ಹಾಕಿಕೊಂಡು, ಹೊರಾಂಗಣದಲ್ಲಿ, ಮೃದುವಾದ ಬ್ರಶ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟು ನಾರಿನೊಳಗೆ ಇಳಿದು ಕೂರುತ್ತದೆ. ಆಮೇಲೆ ಆಮ್ಲರಹಿತ ಕಾಗದದಲ್ಲಿ, ಅದು ಸಿಗದಿದ್ದರೆ ತೊಳೆದು ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ರಬ್ಬರ್ ಅಂಚಿನ ಮುಚ್ಚಳವಿರುವ ಪಾಲಿಪ್ರಾಪಿಲಿನ್ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ. ಒಂದರ ಮೇಲೊಂದು ಎರಡು ಪುಸ್ತಕ ಮಾತ್ರ.

ಒಂದು ಪುಸ್ತಕಕ್ಕೆ ಸುಮಾರು 250 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು) ಅನ್ನು ಬಟ್ಟೆಚೀಲದಲ್ಲಿ, ಕಾಗದಕ್ಕೆ ತಾಗದಂತೆ ಇಡಬೇಕು. ಬಣ್ಣ ಬದಲಾದಾಗ 110ರಿಂದ 120 ಡಿಗ್ರಿ ಶಾಖದಲ್ಲಿ ಎರಡು ಮೂರು ತಾಸು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜಾತಿಯಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನೇ ತನ್ನಿ. ಪೆಟ್ಟಿಗೆಯೊಳಗೆ ಒಂದು ಸಣ್ಣ ತೇವಮಾಪಕ ಇರಲಿ. 45ರಿಂದ 55 ಪ್ರತಿಶತ ಇದ್ದರೆ ಒಳ್ಳೆಯದು, 65 ದಾಟಿದರೆ ಬೂಷ್ಟಿಗೆ ದಾರಿ, 35ಕ್ಕಿಂತ ಇಳಿದರೆ ಚರ್ಮದ ಬೆನ್ನು ಒಡೆಯುತ್ತದೆ. ನೆನಪಿಡಿ, ಹಸಿ ಪುಸ್ತಕವನ್ನು ಬಿಗಿ ಪೆಟ್ಟಿಗೆಯಲ್ಲಿ ಮುಚ್ಚುವುದೆಂದರೆ ಬೂಷ್ಟನ್ನೇ ಸಾಕಿದಂತೆ. ಜೂನ್‌ನಲ್ಲಿ ಪೆಟ್ಟಿಗೆ ತಂದು ತುಂಬಬಾರದು ಎನ್ನುವುದು ಇದಕ್ಕೇ.

ಅಷ್ಟಾಗಿಯೂ ಮಳೆಗಾಲದಲ್ಲಿ ಪುಸ್ತಕ ನೆನೆದರೆ 48 ಗಂಟೆಯೊಳಗೆ ಬೂಷ್ಟು ಹಿಡಿಯುತ್ತದೆ. ಆ ಹವೆಯಲ್ಲಿ ಫ್ಯಾನ್ ಹಾಕಿದರೂ ದಪ್ಪ ಪುಸ್ತಕ ಒಣಗುವುದಿಲ್ಲ. ನಮ್ಮ ಕರಾವಳಿಗೆ ಹೊಂದುವ ಉಪಾಯ ಡೀಪ್ ಫ್ರೀಜರ್. ಪುಸ್ತಕವನ್ನು ತೆರೆಯದೆ, ಹಿಂಡದೆ, ಬಟರ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಮೇಲೆ ಪಾಲಿಥಿನ್ ಚೀಲ ಹಾಕಿ ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ತಣ್ಣಗಿರುವ ಕಡೆ ಇಡಿ. ಮೀನು ವ್ಯಾಪಾರದವರಲ್ಲೋ ಐಸ್‌ಕ್ರೀಮ್ ಅಂಗಡಿಯಲ್ಲೋ ಒಂದು ಮೂಲೆ ಸಿಕ್ಕರೆ ಸಾಕು. ಶಾಯಿ ಹರಡುವುದು ಅಲ್ಲಿಗೆ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಹೊರತೆಗೆದು, 10-15 ಹಾಳೆಗೊಂದು ಬ್ಲಾಟಿಂಗ್ ಕಾಗದ ಇಟ್ಟು, ಅದನ್ನು ಮೇಲಿಂದ ಮೇಲೆ ಬದಲಿಸುತ್ತ ಒಣಗಿಸಬಹುದು.

ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಕಳಚಿ, ಅಂಟು ಮಾತ್ರ ಕಂದುಪಟ್ಟಿಯಾಗಿ ಕಾಗದದಲ್ಲೇ ಉಳಿಯುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಅದನ್ನು ಹಿಂದಕ್ಕೆ ತೆಗೆಯುವ ದಾರಿಯೇ ಇಲ್ಲ. ಮೈದಾ ಅಂಟಿನ ನೀರು ಕಬ್ಬಿಣದ ಶಾಯಿಯನ್ನು ಕದಡುತ್ತದೆ. ಹರಿದ ತುಂಡನ್ನು ಲಕೋಟೆಯಲ್ಲಿ ಹಾಕಿ ಪುಟಸಂಖ್ಯೆ ಬರೆದಿಟ್ಟರೆ ಸಭೆಯ ಕರ್ತವ್ಯ ಮುಗಿಯಿತು.

ಪುಟಗಳ ಫೋಟೋ ತೆಗೆಯುವುದೂ ಅದೇ ಜನವರಿಯಲ್ಲಿ ಆಗಲಿ. ಫುಲ್‌ಸ್ಕೇಪ್ ಹಾಳೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬರಬೇಕಾದರೆ ಸುಮಾರು 10 ಮೆಗಾಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಮೊಬೈಲು ಸಾಕಾಗುತ್ತದೆ, ಆದರೆ ಒಂದು ಚಿತ್ರಕ್ಕೆ ಒಂದೇ ಪುಟ. ಫ್ಲಾಶ್ ಬೇಡ, ಕಿಟಕಿಯ ಬದಿಯ ಬೆಳಕು ಸಾಕು. ಖಾಲಿ ಪುಟವನ್ನೂ ಬಿಡಬೇಡಿ, ಇಲ್ಲವಾದರೆ ಮುಂದೆ ಹಾಳೆ ಕಳೆದಿದೆಯೋ ಖಾಲಿಯಿತ್ತೋ ತಿಳಿಯದು. ಪ್ರತಿಗಳು ಮೂರಿರಲಿ, ಒಂದು ಘಟ್ಟದ ಮೇಲಿನ ಊರಲ್ಲಿರಲಿ.

ರಿಜಿಸ್ಟರಿನ ಸಾಲುಗಳನ್ನು ಓದಿ ಪಟ್ಟಿ ಮಾಡುವವರು ತಿಂಗಳಿನಲ್ಲಿ ಎಡವುತ್ತಾರೆ. ಯುರೋಪಿಯನ್ನರ ಕೈಬರಹದಲ್ಲಿ 7ರ ಮುಂದೆ ‘ಬರ್’ ಎಂಬ ಬಾಲವಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್. ಕನ್ನಡ ಅಂಕಿಯಲ್ಲಿ ಬರೆದಿದ್ದರೆ, ಮಸುಕಾದ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಅದೇ ಕೈಯ ಬೇರೆ ಸಾಲಿನ ಅಂಕಿಯೊಡನೆ ಹೋಲಿಸಿಯೇ ನಿರ್ಧರಿಸಬೇಕು. ‘ಹೊನೋರ್’ ಎಂದಿದ್ದರೆ ಹೊನ್ನಾವರ, ‘ಕೂಮ್ಟಾ’ ಕುಮಟೆ. ಸರ್ಕಾರಿ ಕಡತದಲ್ಲಿ ಹುಡುಕುವುದಾದರೆ, ಈ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ವರ್ಷಕ್ಕೆ ಹಿಂದಿನದನ್ನು ಮದ್ರಾಸಿನ ಕಾಗದಗಳಲ್ಲಿ, ಮುಂದಿನದನ್ನು ಮುಂಬಯಿಯವುಗಳಲ್ಲಿ ನೋಡಬೇಕು. ಪಟ್ಟಿಯಲ್ಲಿ ಮೂಲದ ಕಾಗುಣಿತವನ್ನು ಇದ್ದಂತೆಯೇ ಬರೆದು, ಇಂದಿನ ಹೆಸರಿಗೆ ಪಕ್ಕದಲ್ಲಿ ಇನ್ನೊಂದು ಅಂಕಣ ಮಾಡಿ.