ಅಮೆರಿಕದ ಬೀಗರು ಕೇಳಿದ ರಿಹರ್ಸಲ್ ಡಿನ್ನರ್

ಪ್ರಶ್ನೆ: ನಮ್ಮ ಮಗಳ ಮದುವೆ ಏಪ್ರಿಲ್‌ನಲ್ಲಿ, ಶಿರಸಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲೇ. ಹುಡುಗ ಅಮೆರಿಕದವನು. ಹಿಂದಿನ ಸಂಜೆ ರಿಹರ್ಸಲ್, ಆಮೇಲೆ ಡಿನ್ನರ್ ಇರುತ್ತಲ್ವಾ ಎಂದು ಅವನ ಅಮ್ಮ ಕೇಳುತ್ತಿದ್ದಾರೆ. ನಮಗೆ ಅದು ಗೊತ್ತಿಲ್ಲ. ಏನು ಮಾಡೋದು?

ಉತ್ತರ: ಖಂಡಿತ ಇಟ್ಟುಕೊಳ್ಳಿ. ಅವರಲ್ಲಿ ಮದುವೆಯ ಹಿಂದಿನ ಸಂಜೆ ಯಾರ ಹಿಂದೆ ಯಾರು ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಒಮ್ಮೆ ನಡೆದು ನೋಡುತ್ತಾರೆ. ಅದಾದ ಮೇಲೆ ಹತ್ತಿರದವರಿಗಷ್ಟೇ ಊಟ. ನಮ್ಮಲ್ಲಿ ಇದು ಬೇಕಾಗಲಿಲ್ಲ. ಪುರೋಹಿತರು ಪಕ್ಕದಲ್ಲೇ ಕೂತು ‘ಬಲಗೈ ಚಾಚು, ಈಗ ಬಿಡು’ ಎನ್ನುತ್ತಲೇ ಇರುತ್ತಾರಲ್ಲ!

ಹಾಗಾಗಿ ಧಾರೆ, ಮಾಂಗಲ್ಯ ಇದನ್ನೆಲ್ಲ ಮಾಡಿ ನೋಡಲು ಹೋಗಬೇಡಿ. ಮನೆಯ ಹಿರಿಯರಿಗೂ ಸರಿ ಕಾಣುವುದಿಲ್ಲ. ಪುರೋಹಿತರು ಸಂಜೆ ಸ್ವಲ್ಪ ಹೊತ್ತು ಬಂದು ಏನಾದ ಮೇಲೆ ಏನು ಎಂದು ಹೇಳಲಿ. ಮನೆಯ ಹುಡುಗಿಯರು ಯಾರಾದರೂ ಅದನ್ನು ಇಂಗ್ಲಿಷಿನಲ್ಲಿ ತಿಳಿಸಲಿ.

ನಿಜವಾಗಿ ಅಭ್ಯಾಸ ಬೇಕಾದದ್ದು ಬೇರೆಯೇ ಇದೆ. ಹುಡುಗನಿಗೆ ಪಂಚೆ ಉಡಿಸಿ ಅಂಗಳದಲ್ಲಿ ಎರಡು ಸುತ್ತು ನಡೆಸಿ. ಸಪ್ತಪದಿಯಲ್ಲಿ ಪಂಚೆ ಕಾಲಿಗೆ ಸಿಕ್ಕರೆ ಕಷ್ಟ. ಚಕ್ಕಳಮಕ್ಕಳ ಕೂತು ರೂಢಿಯಿಲ್ಲದವರಿಗೆ ಹತ್ತು ನಿಮಿಷಕ್ಕೇ ಕಾಲು ಜೋಮು ಹಿಡಿಯುತ್ತದೆ. ಇನ್ನಷ್ಟು ಎತ್ತರದ ಮಣೆ ಹಾಕಬಹುದಾ ಎಂದು ಆಗಲೇ ಕೇಳಿಕೊಳ್ಳಿ. ಹೋಮದ ಹೊಗೆ ಯಾವ ಕಡೆ ತಿರುಗುತ್ತದೆ ನೋಡಿ, ಅವರ ಅಜ್ಜ ಅಜ್ಜಿಯ ಕುರ್ಚಿಯನ್ನು ಇನ್ನೊಂದು ಕಡೆ ಹಾಕಿಸಿ. ಅಂತರಪಟ ಹಿಡಿಯುವ ಇಬ್ಬರಲ್ಲಿ ಒಬ್ಬರು ಅವರ ಕಡೆಯವರಾದರೆ ಅವರಿಗೂ ಖುಷಿ. ಹುಡುಗಿಯನ್ನು ಕರೆತರುವ ಸೋದರಮಾವನ ದಾರಿಯನ್ನೂ ನೋಡಿಡಿ. ವಿಡಿಯೋದವರ ಲೈಟು ಸರಿಯಾಗಿ ಅಲ್ಲೇ ಅಡ್ಡ ನಿಂತಿರುತ್ತದೆ!

ಇನ್ನು ಊಟ. ಅಮೆರಿಕದಲ್ಲಿ ಈ ಊಟ ಹಾಕಿಸುವುದು ರೂಢಿಯಂತೆ ಹುಡುಗನ ಅಪ್ಪ ಅಮ್ಮ. ಬೀಗರಿಂದ ಖರ್ಚು ಮಾಡಿಸುವುದು ಹೇಗೆ ಎಂದು ನಿಮಗೆ ಮುಜುಗರ ಆಗಬಹುದು. ಅವರು ಕೇಳಿದರೆ ಬೇಡ ಎನ್ನಬೇಡಿ, ಅದು ಅವರ ಪಾಲಿನ ಮರ್ಯಾದೆ. ಅಡುಗೆ ಭಟ್ಟರನ್ನು ಗೊತ್ತು ಮಾಡುವುದು ಮಾತ್ರ ನೀವೇ ನೋಡಿಕೊಳ್ಳಿ.

ಹೋಳಿಗೆ, ಜಿಲೇಬಿ ಮರುದಿನಕ್ಕಿರಲಿ. ರಾತ್ರಿಗೆ ಬಿಸಿ ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ, ತುಪ್ಪ, ಆಮೇಲೆ ಅನ್ನ, ತಂಬುಳಿ, ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು). ಅಪ್ಪೆಹುಳಿಗೆ ಮೆಣಸು ಕಡಿಮೆ ಹಾಕಿಸಿ. ಮಡಕೆ ಬೋರಲು ಹಾಕಿ ತೊಡೆದೇವು ಎಂಬ ಸಿಹಿ ತಿಂಡಿ ಮಾಡುವವರು ಸಿಕ್ಕಿದರೆ ಅಂಗಳದಲ್ಲೇ ಒಲೆ ಹೂಡಿಸಿ. ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಮಡಕೆಯ ಮೇಲೆ ಸುತ್ತಿ ಬರುತ್ತಲೇ ತೊಡೆದೇವು ಕಾಗದದಷ್ಟು ತೆಳ್ಳಗೆ ಎದ್ದು ಬರುವುದನ್ನು ನೋಡುತ್ತಾ ಎರಡೂ ಕಡೆಯವರು ತಾವಾಗಿಯೇ ಒಂದೆಡೆ ಸೇರುತ್ತಾರೆ. ಪರಿಚಯ ಮಾಡಿಸುವ ಭಾಷಣಕ್ಕಿಂತ ಅದೇ ವಾಸಿ.

ಆದರೂ ಅವರಲ್ಲಿ ಲೋಟ ಎತ್ತಿ ನಾಲ್ಕು ಮಾತು ಆಡುವುದುಂಟು. ಲೋಟದಲ್ಲಿ ಮುರುಗಲು (ಕೋಕಂ) ಪಾನಕ ಇರಲಿ. ಮದ್ಯ ಇರುವುದಿಲ್ಲ ಎಂದು ಮೊದಲೇ ತಿಳಿಸಿಬಿಡಿ.

ಮದುವೆಗೆ ಮುಂಚೆ ಮಾಡುವ ನಾಂದಿ ಪೂಜೆ ಹಿಂದಿನ ದಿನವೇ ಇದ್ದರೆ, ಮದುಮಗಳು ಈ ಊಟಕ್ಕೆ ಕೂರಬಹುದಾ ಎಂದು ಪುರೋಹಿತರನ್ನು ಕೇಳಿ. ಒಂದೊಂದು ಮನೆಯಲ್ಲಿ ಒಂದೊಂದು ಕ್ರಮ. ಕನ್ಯಾದಾನ ಮಾಡುವ ನೀವಿಬ್ಬರೂ ಧಾರೆ ಮುಗಿಯುವ ತನಕ ಉಪವಾಸ ಇರುವವರಾದರೆ, ಬೀಗರ ಉಪಚಾರದಲ್ಲಿ ಹಿಂದಿನ ರಾತ್ರಿಯ ನಿಮ್ಮ ಊಟ ತಪ್ಪಿಸಿಕೊಳ್ಳಬೇಡಿ.

ರಾತ್ರಿ ಒಂಬತ್ತರೊಳಗೆ ಎಲೆ ಎತ್ತಿಬಿಡಿ. ಭಟ್ಟರು ನಸುಕಿಗೇ ಒಲೆ ಹಚ್ಚಬೇಕು. ಬೀಗರ ರೂಮು ಶಿರಸಿ ಪೇಟೆಯಲ್ಲಿದ್ದರೆ ಊರ ದಾರಿ ಬಲ್ಲ ಡ್ರೈವರನ್ನೇ ಕಳಿಸಿ. ಅಡಿಕೆ ತೋಟದ ಮಧ್ಯದ ದಾರಿಗಳಲ್ಲಿ ಮೊಬೈಲ್ ಮ್ಯಾಪ್ ನಂಬಿದರೆ ಯಾರದ್ದೋ ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ.